ಗೆರೆ ರಸ್ತೆಯ ಮೇಲೆ, ಕ್ಯಾಮೆರಾ ತನ್ನ ದಾರಿಯಲ್ಲಿ: ಪ್ರವಾಸದ ವಿಡಿಯೊಗೆ ನಕ್ಷೆಯ ಹಾರಾಟ ಮಾಡುವ ಬಗೆ

ಪ್ರವಾಸದ ವಿಡಿಯೊದಲ್ಲಿ ನಕ್ಷೆ ತೆರೆಗೆ ಬಂದಾಗ ನೋಡುಗರಿಗೆ ಬೇಕಿರುವುದು ಮೂರರಲ್ಲಿ ಒಂದು ಉತ್ತರ: ಈ ಜಾಗ ಎಲ್ಲಿದೆ, ಯಾವ ದಾರಿಯಲ್ಲಿ ಹೋದರು, ಎಷ್ಟು ಎತ್ತರ ಹತ್ತಿದರು. ‘ಎಲ್ಲಿ’ ಎಂಬುದಕ್ಕೆ ಆಕಾಶದಿಂದ ಕೆಳಗಿಳಿಯುವ ಕ್ಯಾಮೆರಾ ಬೇಕು (ಇಲ್ಲಿ ಕ್ಯಾಮೆರಾ ಎಂದರೆ ನಕ್ಷೆಯ ತಂತ್ರಾಂಶದೊಳಗಿನ ಕಾಲ್ಪನಿಕ ಕ್ಯಾಮೆರಾ). ‘ಯಾವ ದಾರಿ’ ಎಂಬುದಕ್ಕೆ ಮೇಲಿನಿಂದ ಹೆಚ್ಚುಕಡಿಮೆ ನೇರವಾಗಿ ನೋಡುವ, ಅಲುಗಾಡದ ಕ್ಯಾಮೆರಾ. ‘ಎಷ್ಟು ಎತ್ತರ’ ಎಂಬುದಕ್ಕೆ ಬೆಟ್ಟದ ಮಗ್ಗುಲಲ್ಲಿ ತಗ್ಗಿ ಓರೆಯಾಗಿ ಸಾಗುವ ಕ್ಯಾಮೆರಾ. ಮೂರನ್ನೂ ಒಂದೇ ಹಾರಾಟಕ್ಕೆ ತುರುಕಿದ 25 ಸೆಕೆಂಡಿನ ನಕ್ಷೆ ಬಂದರೆ ಜನ ವಿಡಿಯೊವನ್ನು ಮುಂದಕ್ಕೆ ಎಳೆದುಬಿಡುತ್ತಾರೆ. ಹಾಗಾಗಿ ತಂತ್ರಾಂಶ ತೆರೆಯುವ ಮೊದಲೇ ಈ ಶಾಟ್ ಯಾವ ಪ್ರಶ್ನೆಗೆ ಉತ್ತರ ಎಂದು ಒಂದು ಸಾಲು ಬರೆದಿಟ್ಟುಕೊಳ್ಳಿ. ಕೆಳಗಿಳಿಯುವ ಶಾಟ್‌ಗೆ 5ರಿಂದ 8 ಸೆಕೆಂಡು, ದಾರಿ ಬಿಡಿಸುವುದಕ್ಕೆ 6ರಿಂದ 10, ಶಿಖರವನ್ನು ಸುತ್ತುವುದಕ್ಕೆ 5–6 ಸಾಕು.

ಹೊಸಬರ ಹಾರಾಟಗಳು ಕೆಡುವುದಕ್ಕೆ ಮುಖ್ಯ ಕಾರಣ, ಜಿಪಿಎಸ್‌ನಲ್ಲಿ ದಾಖಲಾದ ದಾರಿಯನ್ನೇ ಕ್ಯಾಮೆರಾಕ್ಕೂ ದಾರಿಯಾಗಿ ಕೊಡುವುದು. ರಸ್ತೆ ತಿರುಗಿದಲ್ಲೆಲ್ಲ ಕ್ಯಾಮೆರಾ ತಿರುಗುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ತೆರೆಯ ಮೇಲೆ ಬಿಡಿಸುವ ಗೆರೆ ರಸ್ತೆಯನ್ನು ನಿಷ್ಠೆಯಿಂದ ಹಿಂಬಾಲಿಸಲಿ. ಕ್ಯಾಮೆರಾಕ್ಕೆ ಮಾತ್ರ ಬೇರೆಯದೇ, ಸರಳವಾದ ಒಂದು ದಾರಿ ಇರಲಿ. ಮುಂದೆ ಹೇಳುವ ಬಹುಪಾಲು ಸಂಗತಿಗಳು ಈ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ಕಾಪಾಡಿಕೊಳ್ಳುವುದಕ್ಕೆ ಸಂಬಂಧಿಸಿದವು.

ಯಾವ ತಂತ್ರಾಂಶ

ಹೆಚ್ಚಿನವರಿಗೆ ಗೂಗಲ್ ಅರ್ತ್ ಸ್ಟುಡಿಯೊ ಸಾಕು. ಕ್ರೋಮ್ ಬ್ರೌಸರಿನಲ್ಲೇ ನಡೆಯುತ್ತದೆ, ಗೂಗಲ್ ಖಾತೆ ಇದ್ದರಾಯಿತು, ಹಣ ಕೊಡಬೇಕಿಲ್ಲ. ಕೀಫ್ರೇಮ್‌ಗಳಿರುವ ಪೂರ್ಣ ಟೈಮ್‌ಲೈನ್ ಇದೆ; ಕೀಫ್ರೇಮ್ ಎಂದರೆ ಇಂಥ ಹೊತ್ತಿಗೆ ಕ್ಯಾಮೆರಾ ಇಂಥಲ್ಲಿರಬೇಕು ಎಂದು ಇಡುವ ಗುರುತು. ಜೊತೆಗೆ ಝೂಮ್-ಟು, ಪಾಯಿಂಟ್ ಟು ಪಾಯಿಂಟ್, ಆರ್ಬಿಟ್, ಸ್ಪೈರಲ್ ಎಂಬ ಸಿದ್ಧ ಚೌಕಟ್ಟುಗಳಿವೆ. ಮೊದಲ ಸಲ ಮಾಡುವವರು ಸಿದ್ಧ ಚೌಕಟ್ಟಿನಿಂದ ಆರಂಭಿಸಿ, ಅದು ಹಾಕಿಕೊಟ್ಟ ಕೀಫ್ರೇಮ್‌ಗಳನ್ನು ತಿದ್ದುತ್ತಾ ಹೋಗುವುದು ಒಳ್ಳೆಯದು. ಖಾಲಿ ಟೈಮ್‌ಲೈನ್‌ನಿಂದ ಕಲಿಯುವುದಕ್ಕಿಂತ ಇದು ಬೇಗ ಕೈಗೆ ಹತ್ತುತ್ತದೆ.

ಕಂಪ್ಯೂಟರಿಗೆ ಹಾಕಿಕೊಳ್ಳುವ ಗೂಗಲ್ ಅರ್ತ್ ಪ್ರೊ ಕೂಡ ಉಚಿತ. ಜಿಪಿಎಸ್ ದಾರಿಯನ್ನು ಉಳಿಸುವ ಜಿಪಿಎಕ್ಸ್ ಕಡತವನ್ನು ನೇರವಾಗಿ ತೆರೆಯುತ್ತದೆ, ದಾರಿಯ ಮೇಲೆ ಟೂರ್ ಮಾಡುತ್ತದೆ, ಮೂವಿ ಮೇಕರ್ ಮೂಲಕ ವಿಡಿಯೊ ಹೊರತೆಗೆಯುತ್ತದೆ. ಟೂರಿಂಗ್ ಆಯ್ಕೆಗಳಲ್ಲಿ ಕ್ಯಾಮೆರಾದ ಓರೆ, ದೂರ, ವೇಗ ಮೂರನ್ನೂ ಬದಲಿಸಬಹುದು. ಆದರೆ ಇದೇ ಆ ‘ದಾರಿಯನ್ನೇ ಹಿಂಬಾಲಿಸುವ’ ಕ್ಯಾಮೆರಾ. ನೇರ ರಸ್ತೆಗಳಿಗೆ ಸರಿ, ಘಟ್ಟಕ್ಕೆ ಬೇಡ. ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ಜಿಯೊಲೇಯರ್ಸ್ ಎಂಬ ಪ್ಲಗಿನ್ ಇದೆ, ಬಣ್ಣಬಣ್ಣದ ವಿನ್ಯಾಸದ ನಕ್ಷೆ ಬೇಕೆಂದಾಗ ಅದಕ್ಕೆ ಸಾಟಿಯಿಲ್ಲ. ಪೂರ್ತಿ ಹಿಡಿತ ಬೇಕೆಂದರೆ ನಕ್ಷೆಯ ದತ್ತಾಂಶ ತಿದ್ದುವ ಕ್ಯೂಜಿಐಎಸ್ ಮತ್ತು ಮೂರು ಆಯಾಮದ ದೃಶ್ಯ ಕಟ್ಟುವ ಬ್ಲೆಂಡರ್ ಜೋಡಿ. ರಿಲೈವ್, ಟ್ರಾವೆಲ್‌ಬೋಸ್ಟ್‌ನಂಥ ಮೊಬೈಲ್ ಆ್ಯಪ್‌ಗಳು ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಸುತ್ತವೆ, ಆದರೆ ಕ್ಯಾಮೆರಾದ ಮೇಲೆ ನಿಮ್ಮ ಹಿಡಿತ ತೀರಾ ಕಡಿಮೆ.

ಒಂದನ್ನು ಮಾತ್ರ ಮಾಡಬೇಡಿ: ತೆರೆಯ ಮೇಲೆ ಮೌಸ್ ಎಳೆದಾಡುತ್ತಾ ಸ್ಕ್ರೀನ್ ರೆಕಾರ್ಡಿಂಗ್. ಉಪಗ್ರಹ ಚಿತ್ರ ತುಂಡುತುಂಡಾಗಿ ಇಂಟರ್ನೆಟ್‌ನಿಂದ ಬರುತ್ತಿರುತ್ತದೆ. ಕ್ಯಾಮೆರಾ ಮುಂದೆ ಹೋದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ರೆಂಡರ್ ಮಾಡುವ, ಅಂದರೆ ಚಿತ್ರವನ್ನು ಒಂದೊಂದೇ ಫ್ರೇಮಾಗಿ ಹೊರತೆಗೆಯುವ ತಂತ್ರಾಂಶಗಳು ಪ್ರತಿ ಫ್ರೇಮಿಗೂ ಎಲ್ಲ ತುಂಡುಗಳು ಬಂದು ಸೇರುವವರೆಗೆ ಕಾಯುತ್ತವೆ. ಅವು ನಿಧಾನ ಅನಿಸುವುದಕ್ಕೂ, ಫಲಿತಾಂಶ ಚೆನ್ನಾಗಿರುವುದಕ್ಕೂ ಅದೇ ಕಾರಣ.

ಟ್ರ್ಯಾಕ್ ಶುದ್ಧಿ

ಗಡಿಯಾರವೋ ಫೋನೋ ಸೆಕೆಂಡಿಗೊಂದು ಬಿಂದು ದಾಖಲಿಸಿದರೆ 8 ಗಂಟೆಯ ನಡಿಗೆಗೆ 28,800 ಬಿಂದುಗಳಾಗುತ್ತವೆ. ಅಷ್ಟು ಯಾವ ಶಾಟ್‌ಗೂ ಬೇಡ. ಬ್ರೌಸರ್ ತಂತ್ರಾಂಶ ಏದುಸಿರು ಬಿಡುತ್ತದೆ, ಗೆರೆ ನಡುಗಿದಂತೆ ಕಾಣುತ್ತದೆ. ಜಿಪಿಎಸ್‌ಬೇಬಲ್‌ನ ಸಿಂಪ್ಲಿಫೈ ಫಿಲ್ಟರ್ ಅಥವಾ ಕ್ಯೂಜಿಐಎಸ್‌ನ ಸಿಂಪ್ಲಿಫೈ ಉಪಕರಣ ಬಳಸಿ ಕಡಿಮೆ ಮಾಡಿ. ಕ್ಯೂಜಿಐಎಸ್‌ನಲ್ಲಿರುವುದು 1973ರ ಡಗ್ಲಾಸ್–ಪ್ಯೂಕರ್ ವಿಧಾನ: ಮೂಲ ದಾರಿಯಿಂದ ಇಂತಿಷ್ಟು ಮೀಟರಿಗಿಂತ ಆಚೆ ಹೋಗದ ಹಾಗೆ ಬೇಡದ ಬಿಂದುಗಳನ್ನು ಕಿತ್ತುಹಾಕುವುದು. ಬಿಡಿಸುವ ಗೆರೆಗೆ 5ರಿಂದ 10 ಮೀಟರ್ ಸಡಿಲ ಕೊಡಿ. ಅದೇ ಟ್ರ್ಯಾಕಿನ ಇನ್ನೊಂದು ಪ್ರತಿಗೆ 200ರಿಂದ 500 ಮೀಟರ್ ಸಡಿಲ ಕೊಟ್ಟು ಬೇರೆ ಹೆಸರಿನಲ್ಲಿ ಉಳಿಸಿ; ಇದು ಕ್ಯಾಮೆರಾದ ದಾರಿಗೆ ಕರಡು. ಕ್ಯೂಜಿಐಎಸ್‌ನಲ್ಲಿ ಟ್ರ್ಯಾಕ್ ಡಿಗ್ರಿ ಅಳತೆಯಲ್ಲಿದ್ದರೆ ಸಡಿಲವನ್ನೂ ಅದು ಡಿಗ್ರಿಯಲ್ಲೇ ಓದುತ್ತದೆ. 10 ಎಂದು ಕೊಟ್ಟರೆ ಹತ್ತು ಡಿಗ್ರಿ, ಅಂದರೆ 1,100 ಕಿ.ಮೀ! ದಾರಿ ಎರಡೇ ಬಿಂದುಗಳಿಗೆ ಇಳಿದುಬಿಡುತ್ತದೆ. ಮೊದಲು ಟ್ರ್ಯಾಕನ್ನು ಮೀಟರ್ ಅಳತೆಯ ಯುಟಿಎಂ ನಿರ್ದೇಶಾಂಕಗಳಿಗೆ ಬದಲಿಸಿಕೊಳ್ಳಿ.

ಬಿಂದು ಕಡಿಮೆ ಮಾಡುವ ಮೊದಲು ಕಣ್ಣಾರೆ ನೋಡಿ ತೆಗೆಯಬೇಕಾದವು ಕೆಲವಿವೆ. ಊಟಕ್ಕೋ ಫೋಟೊಗೋ ನಿಂತ ಕಡೆ ಜಿಪಿಎಸ್ ಸುಮ್ಮನಿರುವುದಿಲ್ಲ, ನಿಂತಲ್ಲೇ ಸುತ್ತ ಜೇಡರ ಬಲೆ ನೇಯ್ದಿರುತ್ತದೆ. ಆ ಬಿಂದುಗಳನ್ನೆಲ್ಲ ಅಳಿಸಿ ಒಂದನ್ನು ಉಳಿಸಿ. ಕಡಿದಾದ ಕಣಿವೆಯಲ್ಲಿ ಸಂಕೇತ ಬಂಡೆಗೆ ಬಡಿದು ವಾಪಸಾಗುವುದರಿಂದ ಒಂದೆರಡು ಬಿಂದು ಎದುರಿನ ಗುಡ್ಡಕ್ಕೇ ಹಾರಿರುತ್ತವೆ. ಸುರಂಗದಲ್ಲಿ ದಾರಿ ಕಡಿದುಹೋಗಿರುತ್ತದೆ. ಅಲ್ಲಿ ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ತಪ್ಪಿಲ್ಲ. ಟ್ರ್ಯಾಕ್ ಮನೆಯಿಂದಲೇ ಶುರುವಾಗಿದ್ದರೆ ಮೊದಲ ಮತ್ತು ಕೊನೆಯ ಅರ್ಧ ಕಿಲೊಮೀಟರನ್ನು ಕತ್ತರಿಸಿ. ಮನೆಯ ಗೇಟನ್ನು ಉಪಗ್ರಹ ಚಿತ್ರದ ಮೇಲೆ ಬಾಣ ಹಾಕಿ ತೋರಿಸುವ ಅಗತ್ಯ ಯಾರಿಗೂ ಇಲ್ಲ.

ಜಿಪಿಎಕ್ಸ್ ಅನ್ನು ಗೂಗಲ್ ಅರ್ತ್‌ನ ಕಡತದ ಬಗೆಯಾದ ಕೆಎಂಎಲ್‌ಗೆ ಕೈಯಾರೆ ಬದಲಿಸುವವರು ಅಂಕಿಗಳ ಅನುಕ್ರಮ ಗಮನಿಸಬೇಕು. ಜಿಪಿಎಕ್ಸ್‌ನಲ್ಲಿ ರೂಢಿಯಂತೆ ಅಕ್ಷಾಂಶ ಮೊದಲು ಬರುತ್ತದೆ. ಕೆಎಂಎಲ್‌ನಲ್ಲೂ ಜಿಯೊಜೇಸನ್‌ನಲ್ಲೂ ರೇಖಾಂಶ ಮೊದಲು. ಅದಲುಬದಲಾದರೆ ನಿಮ್ಮ ದಾರಿ ಬೇರೊಂದು ಖಂಡದಲ್ಲೋ ಸಮುದ್ರದಲ್ಲೋ ಸಿಗುತ್ತದೆ. ಎತ್ತರದ ವಿಧಾನವನ್ನು ಕ್ಲ್ಯಾಂಪ್ ಟು ಗ್ರೌಂಡ್ ಎಂದೇ ಇಡಿ. ಆ್ಯಬ್ಸಲ್ಯೂಟ್ ಎಂದಿದ್ದರೆ ಜಿಪಿಎಸ್ ದಾಖಲಿಸಿದ ಎತ್ತರವನ್ನೇ ತೆಗೆದುಕೊಳ್ಳುತ್ತದೆ. ಆ ಎತ್ತರ ಮತ್ತು ನಕ್ಷೆಯಲ್ಲಿನ ನೆಲದ ಎತ್ತರ ಹತ್ತಾರು ಮೀಟರ್ ಹೊಂದದಿರುವುದು ಸಾಮಾನ್ಯ. ಗೆರೆ ಅಲ್ಲಲ್ಲಿ ಮಣ್ಣೊಳಗೆ ಮುಳುಗಿ, ಅಲ್ಲಲ್ಲಿ ಗಾಳಿಯಲ್ಲಿ ತೇಲುತ್ತದೆ.

ವಿಮಾನದ ದಾರಿಗೆ ಟ್ರ್ಯಾಕ್ ಇರುವುದಿಲ್ಲ, ಎರಡು ಊರುಗಳ ನಡುವೆ ಗೆರೆ ಎಳೆಯಬೇಕು. ಚಪ್ಪಟೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ವಿಮಾನ ಹೋಗುವ ದಾರಿಯಲ್ಲ. ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ ಮರ್ಕೇಟರ್ ನಕ್ಷೆಯಲ್ಲಿ ಬಾಗಿ ಕಾಣುತ್ತದೆ. 180 ಡಿಗ್ರಿ ರೇಖಾಂಶವನ್ನು ದಾಟುವ ಪೆಸಿಫಿಕ್ ಪ್ರಯಾಣಗಳಲ್ಲಿ ಗೆರೆ ಭೂಮಿಯ ಇನ್ನೊಂದು ಕಡೆಯಿಂದ ಇಡೀ ಸುತ್ತು ಹಾಕಿ ಬರುವುದುಂಟು. ಆಗ ದಾರಿಯನ್ನು 180ರಲ್ಲಿ ಎರಡು ತುಂಡು ಮಾಡಿ.

ಕ್ಯಾಮೆರಾ

ಮೊದಲು ಆಕಾಶದಿಂದ ಇಳಿಯುವ ಶಾಟ್. 10,000 ಕಿ.ಮೀ ಎತ್ತರದಿಂದ 1 ಕಿ.ಮೀಗೆ 8 ಸೆಕೆಂಡಿನಲ್ಲಿ ಇಳಿಯಬೇಕು ಎಂದುಕೊಳ್ಳಿ. ಎರಡೇ ಕೀಫ್ರೇಮ್ ಹಾಕಿ ಸಮವೇಗ ಕೊಟ್ಟರೆ 4ನೇ ಸೆಕೆಂಡಿನಲ್ಲೂ ಕ್ಯಾಮೆರಾ 5,000 ಕಿ.ಮೀ ಮೇಲೇ ಇರುತ್ತದೆ. 7ನೇ ಸೆಕೆಂಡಿನಲ್ಲಿ ಸುಮಾರು 1,250. ಉಳಿದ ಒಂದೇ ಸೆಕೆಂಡಿನಲ್ಲಿ ದೇಶ, ಜಿಲ್ಲೆ, ಕಣಿವೆ ಎಲ್ಲ ಮುಗಿದು ಕ್ಯಾಮೆರಾ ನೆಲಕ್ಕೆ ಅಪ್ಪಳಿಸಿದಂತಾಗುತ್ತದೆ. ಕಣ್ಣು ಅಳೆಯುವುದು ಎಷ್ಟು ಕಿಲೊಮೀಟರ್ ಇಳಿದೆವು ಎಂಬುದನ್ನಲ್ಲ, ಎಷ್ಟು ಪಟ್ಟು ಹತ್ತಿರ ಬಂದೆವು ಎಂಬುದನ್ನು. ಆದ್ದರಿಂದ ಸಮಾನ ಸಮಯದಲ್ಲಿ ಸಮಾನ ಪಟ್ಟು ಇಳಿಯಬೇಕು: ಆರಂಭದಲ್ಲಿ 10,000 ಕಿ.ಮೀ, 2ನೇ ಸೆಕೆಂಡಿಗೆ 1,000, 4ನೆಯದಕ್ಕೆ 100, 6ನೆಯದಕ್ಕೆ 10, 8ನೆಯದಕ್ಕೆ 1. ಅರ್ತ್ ಸ್ಟುಡಿಯೊದ ಝೂಮ್-ಟು ಚೌಕಟ್ಟು ಈ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಕೈಯಾರೆ ಹಾಕುವವರು ನಡುವಿನ ಕೀಫ್ರೇಮ್‌ಗಳನ್ನು ಬಾಗುವ ರೇಖೆಯಾಗಿಸಬೇಕು, ಇಲ್ಲದಿದ್ದರೆ ಪ್ರತಿ ಎರಡು ಸೆಕೆಂಡಿಗೊಮ್ಮೆ ಜರ್ಕ್ ಹೊಡೆಯುತ್ತದೆ. ಮೊದಲ ಮತ್ತು ಕೊನೆಯ ಕೀಫ್ರೇಮಿಗೆ ಮಾತ್ರ ಈಸ್ ಕೊಟ್ಟು ನಿಧಾನ ಮಾಡಿ.

ಇಳಿಯುವಾಗ ಅಕ್ಷಾಂಶ, ರೇಖಾಂಶಗಳೂ ಬದಲಾಗುತ್ತಿದ್ದರೆ ಆ ಬದಲಾವಣೆ 100 ಕಿ.ಮೀ ಎತ್ತರಕ್ಕೆ ಬರುವಷ್ಟರಲ್ಲಿ ಮುಗಿಯಬೇಕು. ಮೇಲಿನಿಂದ ಕಾಣದಷ್ಟು ಸಣ್ಣದಾಗಿದ್ದ ಅರ್ಧ ಡಿಗ್ರಿ, ನೆಲದ ಹತ್ತಿರ 55 ಕಿ.ಮೀ ಉದ್ದದ ಓಟವಾಗುತ್ತದೆ. ಒಂದು ಊರಿನಿಂದ ಇನ್ನೊಂದಕ್ಕೆ ಹಾರುವ ಶಾಟ್‌ನಲ್ಲೂ ಇದೇ ತತ್ವ. ಮೇಲಕ್ಕೆ ಏರಿ, ಎರಡೂ ಊರು ಒಟ್ಟಿಗೆ ಕಾಣುವಷ್ಟು ಎತ್ತರದಲ್ಲಿ ಪಕ್ಕಕ್ಕೆ ಸರಿದು, ಮತ್ತೆ ಇಳಿಯಬೇಕು. ಯಾರ್ಕೆ ವಾನ್ ವೈಕ್ ಮತ್ತು ವಿಮ್ ನುಯಿ 2003ರಲ್ಲಿ ಈ ಚಲನೆಗೆ ಗಣಿತದ ಸೂತ್ರ ಕೊಟ್ಟರು. ಇಂದು ವೆಬ್ ನಕ್ಷೆಗಳಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ‘ಹಾರುವ’ ಆ ಮೃದುವಾದ ಬಿಲ್ಲಿನ ಚಲನೆ ಅಲ್ಲಿಂದಲೇ ಬಂದದ್ದು. ಕೈಯಾರೆ ಮಾಡುವವರಿಗೆ ಅಂದಾಜು ಲೆಕ್ಕ: ಎರಡು ಊರುಗಳ ನಡುವಿನ ದೂರದಷ್ಟೋ, ಅದರ ಒಂದೂವರೆ ಪಟ್ಟೋ ಎತ್ತರಕ್ಕೆ ಏರಿ.

ಕ್ಯಾಮೆರಾದ ಎತ್ತರವನ್ನು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ ಅಳೆಯುತ್ತಾರೆ, ನೆಲದಿಂದಲ್ಲ. ಬಯಲು ನಾಡಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯಲ್ಲಿ ನಾಮ್ಚೆ ಬಜಾರ್ ಇರುವುದೇ 3,440 ಮೀಟರ್ ಎತ್ತರದಲ್ಲಿ. ಅಲ್ಲಿಗೆ 1,000 ಮೀಟರ್ ಎಂದು ಬರೆದರೆ ಕ್ಯಾಮೆರಾ ಬೆಟ್ಟದ ಹೊಟ್ಟೆಯೊಳಗಿರುತ್ತದೆ. ನೆಲದಿಂದ ಸಾವಿರ ಮೀಟರ್ ಬೇಕಿದ್ದರೆ 4,440 ಎಂದು ಬರೆಯಬೇಕು.

ಅದೇ ದಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಓರೆ ಹಾರಾಟ ಕಟ್ಟೋಣ. ಲುಕ್ಲಾ 2,860 ಮೀಟರ್, ಬೇಸ್ ಕ್ಯಾಂಪ್ 5,364 ಮೀಟರ್, ನಡುವೆ ನೇರ ದೂರ ಸುಮಾರು 37 ಕಿ.ಮೀ. 10 ಸೆಕೆಂಡು, 30 ಫ್ರೇಮಿನಂತೆ 300 ಫ್ರೇಮ್. ಕ್ಯಾಮೆರಾಕ್ಕೆ ನಾಲ್ಕೇ ಕೀಫ್ರೇಮ್ ಸಾಕು. ಮೊದಲನೆಯದು ಲುಕ್ಲಾದ ದಕ್ಷಿಣಕ್ಕೆ ಹತ್ತು ಕಿ.ಮೀ ಹಿಂದೆ, 7,000 ಮೀಟರ್ ಎತ್ತರದಲ್ಲಿ, ಉತ್ತರಕ್ಕೆ ಮುಖ. ಎರಡನೆಯದು ನಾಮ್ಚೆಯ ಹತ್ತಿರ ಬರುವಾಗ, ಮೂರನೆಯದು ಕಣಿವೆ ಈಶಾನ್ಯಕ್ಕೆ ತಿರುಗುವಲ್ಲಿ, ನಾಲ್ಕನೆಯದು ಬೇಸ್ ಕ್ಯಾಂಪಿನಿಂದ ಆರೇಳು ಕಿ.ಮೀ ಇತ್ತಲಾಗಿ, 8,500 ಮೀಟರ್ ಎತ್ತರದಲ್ಲಿ. ಕಾಲುದಾರಿಯ ಯಾವ ತಿರುವಿಗೂ ಕೀಫ್ರೇಮ್ ಹಾಕಬೇಡಿ. ಈ ನಾಲ್ಕು ಜಾಗಗಳನ್ನು ಆರಿಸಿಕೊಳ್ಳಲು ಮುಂಚೆ ಉಳಿಸಿಟ್ಟ 500 ಮೀಟರ್ ಸಡಿಲದ ಟ್ರ್ಯಾಕ್ ನೆರವಾಗುತ್ತದೆ: ಅದರ ದೊಡ್ಡ ಬಾಗುಗಳು ಎಲ್ಲಿವೆಯೋ ಅಲ್ಲಿ ಕೀಫ್ರೇಮ್. ಎಲ್ಲ ಹಾಕಿದ ಮೇಲೆ ಟೈಮ್‌ಲೈನನ್ನು ನಿಧಾನವಾಗಿ ಎಳೆದು ನೋಡಿ. ಎರಡು ಕೀಫ್ರೇಮ್‌ಗಳ ನಡುವೆ ಕ್ಯಾಮೆರಾ ಯಾವುದಾದರೂ ಏಣಿನೊಳಗೆ ನುಗ್ಗುತ್ತಿದ್ದರೆ ಅಲ್ಲಿ ಹೊಸ ಕೀಫ್ರೇಮ್ ಸೇರಿಸುವ ಬದಲು ಹಿಂದಿನ, ಮುಂದಿನ ಕೀಫ್ರೇಮ್‌ಗಳ ಎತ್ತರವನ್ನೇ ಹೆಚ್ಚಿಸಿ. ಸೇರಿಸಿದ ಪ್ರತಿ ಕೀಫ್ರೇಮೂ ಒಂದು ಸಣ್ಣ ಕುಲುಕಾಟವನ್ನು ತರುತ್ತದೆ.

ಓರೆಯ ಅಳತೆ ಬಗ್ಗೆ ಗಟ್ಟಿ ಅಭಿಪ್ರಾಯ: ದಾರಿ ತೋರಿಸಲು ನೇರ ಕೆಳನೋಟದಿಂದ 20–40 ಡಿಗ್ರಿ, ಎತ್ತರ ತೋರಿಸಲು 60–75. ಅದಕ್ಕಿಂತ ಹೆಚ್ಚು ಎತ್ತಿದರೆ ತೆರೆಯ ಅರ್ಧಭಾಗ ಖಾಲಿ ಆಕಾಶವಾಗುತ್ತದೆ, ದೂರದ ನೆಲ ಮಸುಕಾಗುತ್ತದೆ. ಫೀಲ್ಡ್ ಆಫ್ ವ್ಯೂ (ಕ್ಯಾಮೆರಾದ ನೋಟದ ಅಗಲ) ಕಿರಿದಾಗಿಸಿ, ಅಂದರೆ 20–25 ಡಿಗ್ರಿಗೆ ಇಳಿಸಿ, ದೂರದಿಂದ ನೋಡಿದರೆ ಹಿಂದಿನ ಶಿಖರಗಳು ಮುಂದಿನ ಬೆಟ್ಟದ ಮೇಲೆ ಎದ್ದುನಿಂತಂತೆ ಕಾಣುತ್ತವೆ. 50–60 ಡಿಗ್ರಿಗೆ ಅಗಲಿಸಿದರೆ ಕಣಿವೆಯೊಳಗೆ ಸಾಗುವ ಅನುಭವ ಬರುತ್ತದೆ, ಶಿಖರಗಳು ಮಾತ್ರ ಕುಗ್ಗುತ್ತವೆ. ಅರ್ತ್ ಪ್ರೊದಲ್ಲಿ ನೆಲದ ಎತ್ತರವನ್ನು ಹಿಗ್ಗಿಸಿ ತೋರಿಸುವ ಆಯ್ಕೆಯಿದ್ದು 3 ಪಟ್ಟಿನವರೆಗೆ ಹೋಗುತ್ತದೆ. ತಗ್ಗು ಗುಡ್ಡಗಳಿಗೆ 1.5 ಒಳ್ಳೆಯದು. ಹಿಮಾಲಯ, ಆಲ್ಪ್ಸ್‌ಗೆ 1 ಸಾಕು. 2 ದಾಟಿದರೆ ಅಲ್ಲಿಗೆ ಹೋಗಿಬಂದವರು ತಕ್ಷಣ ಹಿಡಿಯುತ್ತಾರೆ.

ಇನ್ನು ಕ್ಯಾಮೆರಾದ ದಿಕ್ಕು. 350 ಡಿಗ್ರಿಯಿಂದ 10 ಡಿಗ್ರಿಗೆ ತಿರುಗು ಎಂದರೆ ಮನುಷ್ಯರು 20 ಡಿಗ್ರಿ ತಿರುಗುತ್ತಾರೆ. ತಂತ್ರಾಂಶ 340 ಡಿಗ್ರಿ ಹಿಂದಕ್ಕೆ ಗಿರಗಿರನೆ ಸುತ್ತುವುದುಂಟು. 370 ಎಂದು ಬರೆಯಲು ಬಿಟ್ಟರೆ ಹಾಗೆ ಬರೆಯಿರಿ. ಬಿಡದಿದ್ದರೆ ಕ್ಯಾಮೆರಾ ಟಾರ್ಗೆಟ್ ಬಳಸಿ: ನೆಲದ ಮೇಲೊಂದು ಜಾಗವನ್ನು ಗುರಿಯಾಗಿ ಕೊಟ್ಟರೆ ಕ್ಯಾಮೆರಾ ಅದನ್ನೇ ನೋಡುತ್ತಾ ಸಾಗುತ್ತದೆ, ದಿಕ್ಕಿನ ಅಂಕಿಗಳ ರಗಳೆಯೇ ಇಲ್ಲ. ಘಟ್ಟದ ಹೇರ್‌ಪಿನ್ ತಿರುವುಗಳಿಗೆ ದಿಕ್ಕನ್ನು ಪೂರ್ತಿ ಸ್ಥಿರವಾಗಿಟ್ಟು ಗೆರೆ ಮಾತ್ರ ಅತ್ತಿತ್ತ ಓಡಾಡಲಿ. ತಿರುವುಗಳು ಎಷ್ಟಿವೆ ಎಂಬುದು ಆಗಲೇ ಚೆನ್ನಾಗಿ ಕಾಣುವುದು.

ವೇಗಕ್ಕೆ ಸಿನಿಮಾ ಛಾಯಾಗ್ರಾಹಕರ ಹಳೆಯ ಲೆಕ್ಕವೊಂದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: 24 ಫ್ರೇಮಿನಲ್ಲಿ ಪ್ಯಾನ್ ಮಾಡುವಾಗ ಒಂದು ವಸ್ತು ತೆರೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಹೋಗಲು ಸುಮಾರು 7 ಸೆಕೆಂಡು ಇರಬೇಕು, ಇಲ್ಲದಿದ್ದರೆ ಚಿತ್ರ ತಡವರಿಸುತ್ತದೆ. ನಕ್ಷೆಯಲ್ಲಿ ಇಷ್ಟು ಕಟ್ಟುನಿಟ್ಟು ಬೇಡ. ಆದರೂ ಮುಂಭಾಗದ ಒಂದು ಗುಡ್ಡ 3 ಸೆಕೆಂಡಿಗಿಂತ ಬೇಗ ತೆರೆ ದಾಟುತ್ತಿದ್ದರೆ ಹಾರಾಟ ತಗ್ಗಿನಲ್ಲಿದೆ ಅಥವಾ ವೇಗ ಜಾಸ್ತಿಯಾಗಿದೆ.

ಬೆಟ್ಟ ಹಳ್ಳವಾಗಿ ಕಾಣುವ ತೊಂದರೆ ಹಲವರನ್ನು ಕಾಡಿದೆ. ಮೇಲಿನಿಂದ ನೋಡುವಾಗ ಬೆಳಕು ತೆರೆಯ ಮೇಲ್ಭಾಗದಿಂದ ಬರುತ್ತದೆ ಎಂದು ನಮ್ಮ ಮೆದುಳು ಊಹಿಸಿಕೊಳ್ಳುತ್ತದೆ. ಉತ್ತರ ಗೋಳಾರ್ಧದ ಉಪಗ್ರಹ ಚಿತ್ರಗಳಲ್ಲಿ ಸಾಮಾನ್ಯವಾಗಿ ಸೂರ್ಯ ದಕ್ಷಿಣದ ಕಡೆಯಿರುವುದರಿಂದ ಉತ್ತರ ಮೇಲಿರುವ ನಕ್ಷೆಯಲ್ಲಿ ಬೆಳಕು ಕೆಳಗಿನಿಂದ ಬಂದಂತಾಗುತ್ತದೆ. ಕಣಿವೆ ಏಣಾಗಿ, ಏಣು ಕಣಿವೆಯಾಗಿ ಕಾಣುವುದು ಇದರಿಂದಲೇ. ನಕ್ಷೆಗಾರರು ನೆರಳು ಹಾಕುವಾಗ ಬೆಳಕನ್ನು ವಾಯವ್ಯದಲ್ಲಿ, 315 ಡಿಗ್ರಿಯಲ್ಲಿ ಇಡುವುದು ಈ ಭ್ರಮೆ ತಪ್ಪಿಸಲಿಕ್ಕೇ. ಉಪಗ್ರಹ ಚಿತ್ರದೊಳಗೇ ಬಿದ್ದಿರುವ ನೆರಳನ್ನು ಬದಲಿಸಲಾಗದು, ಆದರೆ ಕ್ಯಾಮೆರಾವನ್ನು ಓರೆ ಮಾಡಬಹುದು ಅಥವಾ ದಕ್ಷಿಣಕ್ಕೆ ಮುಖ ಮಾಡಿಸಬಹುದು. ಎರಡರಲ್ಲಿ ಒಂದು ಮಾಡಿದರೂ ಸಾಕಾಗುತ್ತದೆ.

ರೆಂಡರ್

ಅರ್ತ್ ಸ್ಟುಡಿಯೊದಲ್ಲಿ ಫ್ರೇಮ್‌ಗಳ ಜೆಪೆಗ್ ಸರಣಿಯನ್ನೇ ತೆಗೆಯಿರಿ. ನೇರ ವಿಡಿಯೊ ಆಯ್ಕೆ ಇದ್ದರೂ ಅದು ಈಗಾಗಲೇ ಒತ್ತಿ ಕುಗ್ಗಿಸಿದ ಕಡತ, ಎಡಿಟಿಂಗ್‌ನಲ್ಲಿ ಮತ್ತೊಮ್ಮೆ ಕುಗ್ಗುತ್ತದೆ. ನಿಮ್ಮ ವಿಡಿಯೊ 1920×1080 ಆಗಿದ್ದರೂ ರೆಂಡರನ್ನು 3840×2160ರಲ್ಲಿ ಮಾಡಿ ಎಡಿಟಿಂಗ್‌ನಲ್ಲಿ ಅರ್ಧಕ್ಕೆ ಇಳಿಸಿ. ಕಾಡು, ಕಟ್ಟಡಗಳ ಮೇಲೆ ಮಿಣಮಿಣ ಮಿನುಗುವ ಚುಕ್ಕೆಗಳು ಇದರಿಂದ ಬಹಳ ಕಡಿಮೆಯಾಗುತ್ತವೆ. ಆಮೇಲೂ ಮಿನುಗಿದರೆ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಡಿ.

ಸರಣಿಯನ್ನು ಎಡಿಟಿಂಗ್ ತಂತ್ರಾಂಶಕ್ಕೆ ತರುವಾಗ ಫ್ರೇಮ್ ದರ ತಪ್ಪುವುದು ಸಾಮಾನ್ಯ. 30ರ ಲೆಕ್ಕದಲ್ಲಿ ಮಾಡಿದ 240 ಫ್ರೇಮ್‌ಗಳನ್ನು ತಂತ್ರಾಂಶ 25 ಎಂದು ಓದಿದರೆ 8 ಸೆಕೆಂಡಿನ ಶಾಟ್ 9.6 ಸೆಕೆಂಡಾಗುತ್ತದೆ, ಸಂಗೀತದ ತಾಳಕ್ಕೆ ಕೂಡುವುದಿಲ್ಲ. ಪ್ರಾಜೆಕ್ಟ್ ಶುರು ಮಾಡುವಾಗಲೇ ನಿಮ್ಮ ವಿಡಿಯೊದ ದರವನ್ನೇ ಕೊಟ್ಟರೆ ಈ ತಲೆನೋವಿಲ್ಲ. ಒಂದು ಸರಣಿ ಎರಡು ತುಂಡಾಗಿ ಬಂದರೆ ನಡುವೆ ಒಂದು ಫ್ರೇಮ್ ಕಾಣೆಯಾಗಿದೆ ಎಂದರ್ಥ. ಅದೊಂದನ್ನೇ ಮತ್ತೆ ರೆಂಡರ್ ಮಾಡಿ.

ಗೆರೆ ಮತ್ತು ಹೆಸರು

ಗೆರೆ ಬೆಳೆಯುತ್ತಾ ಹೋಗುವಂತೆ ಮಾಡಲು ಸುಲಭದ ದಾರಿ, ಕ್ಯಾಮೆರಾವನ್ನು ಪೂರ್ತಿ ನಿಲ್ಲಿಸುವುದು. ಕ್ಯಾಮೆರಾ ಅಲುಗದಿದ್ದರೆ ಯಾವ ಎಡಿಟಿಂಗ್ ತಂತ್ರಾಂಶದಲ್ಲಾದರೂ ಗೆರೆಯನ್ನು ಚಿತ್ರದ ಮೇಲೆ ಬಿಡಿಸಬಹುದು: ಆಫ್ಟರ್ ಎಫೆಕ್ಟ್ಸ್‌ನಲ್ಲಿ ಶೇಪ್ ಲೇಯರ್‌ಗೆ ಟ್ರಿಮ್ ಪಾತ್ಸ್ ಸೇರಿಸಿ ಕೊನೆಯ ಬಿಂದುವನ್ನು 0ಯಿಂದ 100ಕ್ಕೆ ಒಯ್ಯುವುದು, ಡಾವಿಂಚಿ ರಿಸಾಲ್ವ್‌ನ ಫ್ಯೂಶನ್‌ನಲ್ಲಿ ಪಾಲಿಗನ್ ಮಾಸ್ಕಿನ ಅಂಚಿಗೆ ದಪ್ಪ ಕೊಟ್ಟು ಅದರ ಉದ್ದವನ್ನು ಕೀಫ್ರೇಮ್ ಮಾಡುವುದು. ಕ್ಯಾಮೆರಾ ಚಲಿಸುತ್ತಲೇ ಇರಬೇಕು ಎಂದಾದರೆ ಅರ್ತ್ ಸ್ಟುಡಿಯೊದಲ್ಲಿ ದಾರಿಯ ಮುಖ್ಯ ಜಾಗಗಳಿಗೆ ಟ್ರ್ಯಾಕ್ ಪಾಯಿಂಟ್ ಇಟ್ಟು, ಕ್ಯಾಮೆರಾದ ಮಾಹಿತಿಯನ್ನು ಆಫ್ಟರ್ ಎಫೆಕ್ಟ್ಸ್‌ಗೆ ರಫ್ತು ಮಾಡಿ. ಅಲ್ಲಿ ಅದೇ ಕ್ಯಾಮೆರಾ ಮರುಹುಟ್ಟು ಪಡೆಯುತ್ತದೆ, ನೀವಿಟ್ಟ ಹೆಸರುಗಳು ನೆಲಕ್ಕೆ ಅಂಟಿಕೊಂಡಂತೆ ಕೂರುತ್ತವೆ. ಇಲ್ಲೊಂದು ಮಿತಿಯಿದೆ. ಗೆರೆ ಬೆಟ್ಟದ ಹಿಂದೆ ಹೋದರೂ ಚಿತ್ರದ ಮೇಲೆ ಕಾಣುತ್ತಲೇ ಇರುತ್ತದೆ. ಆ ಭಾಗವನ್ನು ಮಾಸ್ಕ್ ಹಾಕಿ ಮರೆಮಾಡಬೇಕು ಅಥವಾ ಚುಕ್ಕಿಗೆರೆಯಾಗಿ ಬದಲಿಸಬೇಕು.

1080ರ ತೆರೆಗೆ ಗೆರೆಯ ದಪ್ಪ 5–6 ಪಿಕ್ಸೆಲ್, ಸುತ್ತ 2 ಪಿಕ್ಸೆಲ್ ಕಪ್ಪು ಅಂಚು. ಹಸಿರು ಕಾಡಿನ ಮೇಲೆ ಹಳದಿ ಅಥವಾ ಕಿತ್ತಳೆ ಎದ್ದು ಕಾಣುತ್ತದೆ. ಕೆಂಪು–ಹಸಿರು ವ್ಯತ್ಯಾಸ ಗುರುತಿಸಲಾಗದವರಿಗೆ ಕೆಂಪು ಗೆರೆ ಕಾಡಿನಲ್ಲಿ ಕರಗಿಹೋಗುತ್ತದೆ. ಹಿಮದ ಮೇಲೆ ಬಿಳಿ, ಮರಳುಗಾಡಿನಲ್ಲಿ ಹಳದಿ ಕೆಲಸಕ್ಕೆ ಬಾರವು. ಗೆರೆ ಬೆಳೆಯುವ ವೇಗ ದೂರಕ್ಕೆ ತಕ್ಕಂತಿರಲಿ. ನಡೆದ ಸಮಯಕ್ಕೆ ಹೊಂದಿಸಿದರೆ ವಿಶ್ರಾಂತಿಗೆ ಕೂತಲ್ಲೆಲ್ಲ ಗೆರೆಯೂ ಕೂರುತ್ತದೆ.

ಊರಿನ ಹೆಸರು ಪೂರ್ತಿ ಕಾಣಿಸಿಕೊಂಡ ಮೇಲೆ ಕನಿಷ್ಠ 2 ಸೆಕೆಂಡು ನಿಲ್ಲಬೇಕು, ಒಂದು ಹೊತ್ತಿಗೆ ತೆರೆಯ ಮೇಲೆ ಮೂರಕ್ಕಿಂತ ಹೆಚ್ಚು ಹೆಸರು ಬೇಡ. ಕನ್ನಡದಲ್ಲಿ ಹೆಸರು ಹಾಕುವವರಿಗೆ ಅಡೋಬಿ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವ ಕಾಟ ಗೊತ್ತೇ ಇದೆ. ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷಿಯನ್ ಅಂಡ್ ಮಿಡಲ್ ಈಸ್ಟರ್ನ್ ಎಂದು ಬದಲಿಸಿ, ತಂತ್ರಾಂಶ ಮುಚ್ಚಿ ತೆರೆದು, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಆರಿಸಿ. ಬ್ಲೆಂಡರ್‌ನಲ್ಲಿ ಅಕ್ಷರ ಸರಿಯಾಗಿ ಕೂಡದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಹೆಸರು ಬರೆದು, ಅಕ್ಷರವನ್ನು ಪಾತ್ ಆಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ಒಳತನ್ನಿ.

ನಿಮ್ಮದೇ ನೆಲ ಕಟ್ಟುವುದಾದರೆ

ಬ್ಲೆಂಡರ್‌ನಲ್ಲಿ ಬೆಟ್ಟ ಕಟ್ಟಲು ಎತ್ತರದ ದತ್ತಾಂಶ ಬೇಕು. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ದತ್ತಾಂಶ ಉತ್ತರದ 60 ಡಿಗ್ರಿಯಿಂದ ದಕ್ಷಿಣದ 56 ಡಿಗ್ರಿವರೆಗೆ ಸಿಗುತ್ತದೆ. ಸುಮಾರು 30 ಮೀಟರಿಗೊಂದು ಅಳತೆ. ಕಡಿದಾದ ಪರ್ವತಗಳಲ್ಲಿ ಅದರ ಮೂಲ ಅಳತೆಯಲ್ಲಿ ತೂತುಗಳಿದ್ದವು, ಹಾಗಾಗಿ ಎತ್ತರದ ಪ್ರದೇಶಗಳಿಗೆ ಅಷ್ಟೇ ಸೂಕ್ಷ್ಮತೆಯ ಕೋಪರ್ನಿಕಸ್ 30 ಮೀಟರ್ ದತ್ತಾಂಶ ಮೇಲು. ಎರಡೂ ಓಪನ್‌ಟೊಪೊಗ್ರಫಿ ತಾಣದಲ್ಲಿ ಉಚಿತ. ಮೇಲೆ ಹೊದಿಸಲು ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸಬಹುದು. ಅದರಲ್ಲಿ ಒಂದು ಪಿಕ್ಸೆಲ್ ಅಂದರೆ 10 ಮೀಟರ್ ನೆಲ, ಅಂದರೆ 1920 ಪಿಕ್ಸೆಲ್ ತೆರೆಯಲ್ಲಿ 19 ಕಿ.ಮೀ ಅಗಲ ಕಾಣುವಷ್ಟು ದೂರದಲ್ಲಿರುವವರೆಗೆ ಮಾತ್ರ ಚೂಪಾಗಿರುತ್ತದೆ, ಅದಕ್ಕಿಂತ ಹತ್ತಿರ ಹೋದರೆ ಮಸುಕಾಗುತ್ತದೆ.

ಇಲ್ಲಿ ಕೆಡುವುದು ಮೂರು ಕಡೆ. ದತ್ತಾಂಶ ಡಿಗ್ರಿಯಲ್ಲಿದ್ದು ಎತ್ತರ ಮೀಟರಿನಲ್ಲಿದ್ದರೆ ಬೆಟ್ಟಗಳು ಲಕ್ಷ ಪಟ್ಟು ಹಿಗ್ಗಿ ನೆಟ್ಟಗೆ ನಿಲ್ಲುತ್ತವೆ. ಮೊದಲು ಕ್ಯೂಜಿಐಎಸ್‌ನಲ್ಲಿ ಆ ಜಾಗದ ಯುಟಿಎಂ ವಲಯಕ್ಕೆ ಬದಲಿಸಿ. ವೆಬ್ ಮರ್ಕೇಟರ್‌ನಲ್ಲಿಟ್ಟರೆ ನೆಲ ಹಿಗ್ಗುತ್ತದೆ, ಎತ್ತರ ಹಿಗ್ಗುವುದಿಲ್ಲ. 60 ಡಿಗ್ರಿ ಅಕ್ಷಾಂಶದಲ್ಲಿ ನೆಲ ಎರಡು ಪಟ್ಟಾಗಿ ಪರ್ವತಗಳು ಅರ್ಧ ಎತ್ತರಕ್ಕೆ ಕುಸಿದಂತೆ ಕಾಣುತ್ತವೆ. ಎರಡನೆಯದಾಗಿ, ಎತ್ತರದ ಚಿತ್ರವನ್ನು 8 ಬಿಟ್‌ನಲ್ಲಿ ಉಳಿಸಿದರೆ ಸಿಗುವುದು 256 ಹಂತಗಳು ಮಾತ್ರ. 2,560 ಮೀಟರ್ ಏರಿಳಿತವಿದ್ದರೆ ಪ್ರತಿ 10 ಮೀಟರಿಗೊಂದು ಮೆಟ್ಟಿಲು ಬೀಳುತ್ತದೆ. 16 ಬಿಟ್ ಟಿಫ್ ಆಗಿಯೇ ಉಳಿಸಿ. ಮೂರನೆಯದಾಗಿ, ಬ್ಲೆಂಡರ್‌ನಲ್ಲಿ ಆ ಚಿತ್ರದ ಕಲರ್ ಸ್ಪೇಸ್ ನಾನ್-ಕಲರ್ ಆಗಿರಬೇಕು, ಇಲ್ಲದಿದ್ದರೆ ಬಣ್ಣದ ತಿದ್ದುಪಡಿ ಎತ್ತರಕ್ಕೂ ಅನ್ವಯವಾಗಿ ಕಣಿವೆಗಳು ಚಪ್ಪಟೆಯಾಗುತ್ತವೆ.

ಒಂದು ಬ್ಲೆಂಡರ್ ಯೂನಿಟ್ಟಿಗೆ ಒಂದು ಕಿಲೊಮೀಟರ್ ಎಂದಿಟ್ಟುಕೊಂಡರೆ ದೂರದ ಬೆಟ್ಟ ಕ್ಯಾಮೆರಾದ ಕ್ಲಿಪ್ ಮಿತಿಗೆ (ಕ್ಯಾಮೆರಾ ತೋರಿಸುವ ಗರಿಷ್ಠ ದೂರಕ್ಕೆ) ಸಿಕ್ಕಿ ಮಾಯವಾಗುವುದಿಲ್ಲ. ಟ್ರ್ಯಾಕನ್ನು ಕರ್ವ್ ಆಗಿ ತಂದು ಶ್ರಿಂಕ್‌ರ‍್ಯಾಪ್ ಮಾಡಿಫೈಯರ್‌ನಿಂದ ನೆಲಕ್ಕೆ ಇಳಿಸಿ, ನೆಲದಿಂದ 10–20 ಮೀಟರ್ ಅಂತರ ಕೊಡಿ. ‘ಅಪ್ಲೈ ಆನ್ ಸ್ಪ್ಲೈನ್’ ಆಯ್ಕೆ ಒತ್ತದಿದ್ದರೆ ಗುಂಡಗಿನ ಗೆರೆ ಪಟ್ಟಿಯಂತೆ ನೆಲಕ್ಕೆ ಅಪ್ಪಚ್ಚಿಯಾಗುತ್ತದೆ. ಗೆರೆ ಬೆಳೆಸಲು ಸ್ಟಾರ್ಟ್ ಅಂಡ್ ಎಂಡ್ ಮ್ಯಾಪಿಂಗ್ ವಿಭಾಗದ ಎಂಡ್ ಮೌಲ್ಯವನ್ನು 0ಯಿಂದ 1ಕ್ಕೆ ಕೀಫ್ರೇಮ್ ಮಾಡಿ. ಅಲ್ಲಿಯೇ ಮ್ಯಾಪಿಂಗ್ ಅನ್ನು ಸ್ಪ್ಲೈನ್ ಎಂದು ಬದಲಿಸದಿದ್ದರೆ ಬಿಂದುಗಳು ಒತ್ತಾಗಿರುವ ತಿರುವುಗಳಲ್ಲಿ ಗೆರೆ ತೆವಳಿ, ನೇರ ದಾರಿಯಲ್ಲಿ ಜಿಗಿಯುತ್ತದೆ.

ಹೊರಗೆ ಬಿಡುವ ಮೊದಲು

ಅರ್ತ್ ಸ್ಟುಡಿಯೊದ ಚಿತ್ರದಲ್ಲಿ ಬರುವ ಗೂಗಲ್ ಅರ್ತ್ ಮತ್ತು ದತ್ತಾಂಶ ಕೊಟ್ಟವರ ಹೆಸರು ಶಾಟ್ ಇರುವಷ್ಟು ಹೊತ್ತೂ ಕಾಣಬೇಕು. ಅದರ ಮೇಲೆ ನಿಮ್ಮ ಚಾನೆಲ್ ಲೋಗೊ ಕೂರಿಸುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದರೆ ಅದರ ಕೊಡುಗೆದಾರರ ಹೆಸರು ಹಾಕಬೇಕು. ವಿಡಿಯೊ ಜಾಹೀರಾತಾಗಿದ್ದರೆ ಬಳಕೆಯ ಷರತ್ತುಗಳನ್ನು ಮೊದಲು ಓದಿ, ಅವು ಬೇರೆ. ದೇಶಗಳ ಗಡಿರೇಖೆಗಳನ್ನು ಕಾಣದಂತೆ ಮಾಡಿಬಿಡುವುದು ಕ್ಷೇಮ. ವಿವಾದಿತ ಗಡಿ ಹೇಗೆ ಕಾಣಬೇಕೆಂಬುದಕ್ಕೆ ಕೆಲವು ದೇಶಗಳಲ್ಲಿ ಕಾನೂನೇ ಇದೆ.

ಉಪಗ್ರಹ ಚಿತ್ರದ ತುಂಬ ಸಣ್ಣ ವಿವರಗಳು, ಅವೆಲ್ಲವೂ ಪ್ರತಿ ಫ್ರೇಮಿನಲ್ಲೂ ಚಲಿಸುತ್ತಿರುತ್ತವೆ. ವಿಡಿಯೊ ಕುಗ್ಗಿಸುವ ಎಚ್.264ಕ್ಕೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ. ಯೂಟ್ಯೂಬ್ 1080ಕ್ಕೆ 8 ಎಂಬಿಪಿಎಸ್, 4ಕೆಗೆ 35–45 ಎಂಬಿಪಿಎಸ್ ಸೂಚಿಸುತ್ತದೆ. ನಕ್ಷೆಯ ಭಾಗಗಳಿರುವ ವಿಡಿಯೊಗೆ ಅದರ ಎರಡು ಪಟ್ಟು ಕೊಟ್ಟು ಏರಿಸಿ, ಕಾಡು ಕಲಸಿದ ಹಸಿರಾಗುವುದು ತಪ್ಪುತ್ತದೆ.

ಫೋನಿಗಾಗಿ ಲಂಬ ಚೌಕಟ್ಟಿನ ಆವೃತ್ತಿ ಬೇಕಿದ್ದರೆ ಅಡ್ಡ ಶಾಟನ್ನು ಕತ್ತರಿಸಬೇಡಿ, ಹೆಸರುಗಳ ಸಾಲೂ ಅದರೊಂದಿಗೆ ಕತ್ತರಿಸಿಹೋಗುತ್ತದೆ. ಪ್ರಾಜೆಕ್ಟಿನ ಪ್ರತಿ ಮಾಡಿ 1080×1920ಕ್ಕೆ ಬದಲಿಸಿ ಮತ್ತೆ ರೆಂಡರ್ ಮಾಡಿ. ಪೂರ್ವ–ಪಶ್ಚಿಮವಾಗಿ ಹೋಗುವ ದಾರಿಯಾದರೆ ಅದು ತೆರೆಯ ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಕ್ಯಾಮೆರಾವನ್ನು ತಿರುಗಿಸಿ. ಆಗ ಉತ್ತರ ಮೇಲಿರುವುದಿಲ್ಲ, ಮೂಲೆಯಲ್ಲೊಂದು ಚಿಕ್ಕ ಉತ್ತರದ ಬಾಣ ಇಡಿ.